ಮಲೆನಾಡಿನ ಬಗ್ಗೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದೀರಾ? ಆಕರ ಹುಡುಕುವುದು, ಉಲ್ಲೇಖ ಕೊಡುವುದು ಹೀಗೆ

ಮಯೂರಶರ್ಮ ಓದಲು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ಓದು ಬಿಟ್ಟು ಕತ್ತಿ ಹಿಡಿದ. ಶಿವಮೊಗ್ಗ ಜಿಲ್ಲೆಯಲ್ಲಿ ಈ ಕಥೆ ಕೇಳದವರು ಕಡಿಮೆ. ಇದನ್ನೇ ನಿಮ್ಮ ಎಂ.ಎ. ಕಿರುಪ್ರಬಂಧದಲ್ಲಿ ಬರೆದಿರಿ ಅಂತಿಟ್ಟುಕೊಳ್ಳಿ. ಗೈಡ್ ಕೇಳುವ ಮೊದಲ ಪ್ರಶ್ನೆ: ಇದು ಎಲ್ಲಿದೆ? ಪತ್ರಿಕೆಯ ಲೇಖನ, ಪಠ್ಯಪುಸ್ತಕ, ವಿಕಿಪೀಡಿಯ ಅಂದರೆ ಸಾಲದು. ಅವರೂ ಬೇರೆ ಎಲ್ಲಿಂದಲೋ ತಂದವರೇ. ಆ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಬರುತ್ತೀರಿ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಮೇಲೆ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನದಲ್ಲಿ, ಈ ಕಥೆ ಇದೆ. ಬಿ.ಎಲ್. ರೈಸ್ ಅದನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 7ನೇ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರ 176 ಎಂಬ ಸಂಖ್ಯೆ ಕೊಟ್ಟು ಅಚ್ಚು ಹಾಕಿಸಿದರು. ನಿಮ್ಮ ಅಡಿಟಿಪ್ಪಣಿಯಲ್ಲಿ ಇರಬೇಕಾದ್ದು ಈ ಸಂಪುಟ, ಈ ಸಂಖ್ಯೆ.

ಅಲ್ಲಿಗೂ ಮುಗಿಯಲಿಲ್ಲ. ಆ ಶಾಸನ ಬರೆಸಿದ್ದು ಮಯೂರನ ವಂಶದ ಅರಸ ಶಾಂತಿವರ್ಮನ ಕಾಲದಲ್ಲಿ, ಅಂದರೆ ಮಯೂರನಾಗಿ ಸುಮಾರು ನೂರು ವರ್ಷ ಕಳೆದ ಮೇಲೆ, ಅದೂ ಕದಂಬರ ಮನೆತನವನ್ನು ಹೊಗಳಲು. ಹಾಗಾಗಿ "ಮಯೂರ ಕಂಚಿಗೆ ಹೋದ" ಎನ್ನುವುದಕ್ಕಿಂತ "ಕಂಚಿಗೆ ಹೋದನೆಂದು ತಾಳಗುಂದ ಶಾಸನ ಹೇಳುತ್ತದೆ" ಎಂದು ಬರೆಯುವುದು ಸರಿ. ಆಕರ ಹುಡುಕುವುದು ಅಂದರೆ ನನಗೆ ಇದೇ. ಈ ಮಾತನ್ನು ಮೊದಲು ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು, ಅಲ್ಲಿಯವರೆಗೆ ಹೋಗಿ ಕಣ್ಣಾರೆ ನೋಡುವುದು.

ಹುಡುಕಾಟಕ್ಕೆ ವಿಕಿಪೀಡಿಯದಿಂದ ಹೊರಟರೂ ತಪ್ಪಿಲ್ಲ. ಲೇಖನ ಓದಿ ಅಲ್ಲೇ ನಿಲ್ಲಬೇಡಿ, ಕೆಳಗಿನ ಉಲ್ಲೇಖಗಳಿಗೆ ಇಳಿಯಿರಿ. ಆಮೇಲೆ ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಥೀಸಿಸ್‌ಗಳು ಅಲ್ಲಿ ಅಧ್ಯಾಯವಾರು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಒಳ್ಳೆಯ ಥೀಸಿಸ್ ಹಿಡಿದು ಮೊದಲು ಅದರ ಗ್ರಂಥಸೂಚಿ ತೆರೆಯಿರಿ. ಯಾರೋ ವರ್ಷಗಟ್ಟಲೆ ಹುಡುಕಿದ್ದು ಒಂದೇ ಕಡೆ ಇರುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ಅದನ್ನು ಉಲ್ಲೇಖಿಸಿದವರ ಲಿಂಕ್ ಇರುತ್ತದೆ, ಅದನ್ನು ಒತ್ತಿದರೆ ಆ ವಿಷಯದಲ್ಲಿ ಆಮೇಲೆ ಯಾರು ಏನು ಬರೆದರು ಗೊತ್ತಾಗುತ್ತದೆ. ಗ್ರಂಥಸೂಚಿ ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ, ಈ ಲಿಂಕ್ ಮುಂದಕ್ಕೆ. ಎರಡೂ ಬೇಕು.

ಇಂಗ್ಲಿಷ್ ಕಾಗುಣಿತ ಮರೆಯಬೇಡಿ. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರು ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ವರದಿ, ಗೆಜೆಟಿಯರ್, ಲೇಖನಗಳಲ್ಲಿ ಹೆಚ್ಚಾಗಿ ಶಿಮೊಗಾ ಎಂದೇ ಇದೆ. ಹೊಸ ಹೆಸರಿನಲ್ಲಿ ಮಾತ್ರ ಹುಡುಕಿದರೆ ಹಳೆಯದರಲ್ಲಿ ಬಹುಪಾಲು ತಪ್ಪಿಹೋಗುತ್ತದೆ. ಹೊಸನಗರದ ಹತ್ತಿರದ ನಗರವೂ ಅಷ್ಟೇ, ಬಿದನೂರು, ಬೆದನೂರು ಅಂತೆಲ್ಲ ಹಾಕಿ ನೋಡಿ. ಮಂಗನ ಕಾಯಿಲೆ ನಿಮ್ಮ ವಿಷಯವಾದರೆ ಕನ್ನಡದ ಹೆಸರಿನಿಂದ ವೈದ್ಯಕೀಯ ಲೇಖನ ಸಿಗುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಗೊತ್ತಾದದ್ದರಿಂದ ಜಗತ್ತಿಗೆಲ್ಲ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ವೈದ್ಯಕೀಯ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಹುಡುಕಿ.

ಲೇಖನ ತೆರೆದಾಗ ದುಡ್ಡು ಕೇಳಿದರೆ ಕೈಬಿಡಬೇಡಿ. 2025ರಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13,000 ಜರ್ನಲ್‌ಗಳು ಸಿಗುತ್ತಿವೆ. ನಿಮ್ಮ ಕಾಲೇಜು ಅದರಲ್ಲಿದೆಯಾ ಎಂದು ಲೈಬ್ರರಿಯಲ್ಲಿ ಕೇಳಿ. ಲೈಬ್ರರಿಯವರನ್ನು ಕೇಳಲು ನಮ್ಮ ಹುಡುಗರು ಯಾಕೋ ಹಿಂಜರಿಯುತ್ತಾರೆ. ಕೇಳಿ. ರೈಸ್ ಅವರ ಸಂಪುಟಗಳಂಥ ಹಳೆಯ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಕೂತಿವೆ. ಆದರೆ ಎಲ್ಲವೂ ನೆಟ್‌ನಲ್ಲಿ ಇಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ದಿನ ಕೂರಿ, ಕೆಳದಿ ಅರಸರ ಬಗ್ಗೆ ಬರೆಯುವವರು ಸಾಗರ ತಾಲೂಕಿನ ಕೆಳದಿಯ ಮ್ಯೂಸಿಯಂಗೆ ಹೋಗಿ, ಅಲ್ಲಿ ತಾಳೆಗರಿಗಳಿವೆ.

ಓದುವಾಗಲೇ ಪುಟಸಂಖ್ಯೆ ಬರೆದುಕೊಳ್ಳಿ. ಜೆರಾಕ್ಸ್ ಮಾಡಿಸಿದರೆ ಶೀರ್ಷಿಕೆ ಪುಟ, ಅದರ ಹಿಂದಿನ ಪುಟ ಎರಡನ್ನೂ ಸೇರಿಸಿ ಮಾಡಿಸಿ. ಪ್ರಕಾಶಕರು, ಊರು, ವರ್ಷ, ಎಷ್ಟನೇ ಮುದ್ರಣ ಎಲ್ಲ ಅಲ್ಲೇ ಇರುತ್ತದೆ. ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷವನ್ನೇ ಕೊಡಿ, ಯಾಕೆಂದರೆ ಮರುಮುದ್ರಣದಲ್ಲಿ ಪುಟಗಳು ಬದಲಾಗಿರಬಹುದು.

ನೀವು ಓದದ ಪುಸ್ತಕವನ್ನು ಓದಿದ ಹಾಗೆ ಉಲ್ಲೇಖಿಸಬೇಡಿ. ಈಸ್ಟ್ ಇಂಡಿಯಾ ಕಂಪನಿಯ ಬುಕಾನನ್ 1800-01ರಲ್ಲಿ ಈ ಕಡೆ ಸುತ್ತಿ ಬರೆದದ್ದನ್ನು ಇನ್ನೊಬ್ಬರ ಪುಸ್ತಕದಲ್ಲಿ ನೋಡಿದ್ದರೆ, "ಬುಕಾನನ್, ಇಂಥವರ ಪುಸ್ತಕದಲ್ಲಿ ಉದ್ಧೃತ" ಎಂದು ಹಾಕಿ. ಇನ್ನೂ ಒಳ್ಳೆಯದು, ಮೂಲವನ್ನೇ ತೆರೆದು ನೋಡುವುದು. ಉದ್ಧರಣೆಯಲ್ಲಿ ಬಿಟ್ಟುಹೋದ ಮುಂದಿನ ವಾಕ್ಯವೇ ನಿಮಗೆ ಬೇಕಾದದ್ದಾಗಿರಬಹುದು. ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿಯನ್ನಂತೂ ಒಂದೊಂದಾಗಿ ಪರೀಕ್ಷಿಸಿ. ಅದು ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು ಸೇರಿಸಿ, ವರ್ಷ, ಪುಟದ ಸಮೇತ ಕೊಟ್ಟುಬಿಡುತ್ತದೆ. ಡಿಒಐ, ಅಂದರೆ ಲೇಖನವನ್ನು ನೆಟ್‌ನಲ್ಲಿ ಗುರುತಿಸುವ ಸಂಖ್ಯೆ, ಹಾಕಿದಾಗ ಅದೇ ಲೇಖನ ತೆರೆಯದಿದ್ದರೆ, ಬೇರೆಲ್ಲೂ ಸಿಗದಿದ್ದರೆ, ಕಿತ್ತುಹಾಕಿ.

ಶೈಲಿಯ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಪಿಎ, ಎಂಎಲ್‌ಎ ಅಂದರೆ ಉಲ್ಲೇಖ ಬರೆಯುವ ಎರಡು ಕ್ರಮಗಳು; ಯಾವುದು ಬೇಕು ಅಂತ ವಿಭಾಗದವರನ್ನು ಮೊದಲೇ ಕೇಳಿ, ಕೊನೆಯವರೆಗೂ ಒಂದನ್ನೇ ಇಟ್ಟುಕೊಳ್ಳಿ. ಜೊಟೆರೊ ಎಂಬ ಉಚಿತ ಸಾಫ್ಟ್‌ವೇರ್ ಉಲ್ಲೇಖಗಳ ಪಟ್ಟಿಯನ್ನು ತಾನೇ ಜೋಡಿಸಿಕೊಡುತ್ತದೆ. ನಮ್ಮ ಹೆಸರುಗಳಲ್ಲಿ ಮಾತ್ರ ಎಡವುತ್ತದೆ. ಎಂ. ಚಿದಾನಂದಮೂರ್ತಿ ಅವರ ಎಂ. ಮೊದಲ ಹೆಸರಲ್ಲ, ಮೂರ್ತಿ ಕುಲನಾಮವೂ ಅಲ್ಲ. ಅದಕ್ಕೆ ಲೇಖಕರ ಹೆಸರಿನ ಎರಡು ಖಾನೆಯನ್ನು ಒಂದು ಮಾಡಿಕೊಂಡು, ಪಟ್ಟಿಯಲ್ಲಿ ಹೇಗೆ ಬರಬೇಕೋ ಹಾಗೇ ಟೈಪ್ ಮಾಡಿ.

ಮಾತನಾಡಿಸಿ ತಂದ ಮಾಹಿತಿಯೂ ಆಕರವೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ ಮುಳುಗಿ ಎದ್ದು ಬಂದವರ ಅನುಭವದಲ್ಲಿ ಎಷ್ಟೋ ಭಾಗ ಯಾವ ಕಡತದಲ್ಲೂ ಇಲ್ಲ. ಯಾರು, ಎಲ್ಲಿ, ಯಾವ ದಿನ ಹೇಳಿದ್ದು ಎಂದು ಬರೆದುಕೊಳ್ಳಿ. ಹೆಸರು ಹಾಕಬಹುದಾ ಎಂದು ಕೇಳಿ, ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಿ. ಬೇಡ ಅಂದರೆ ವಯಸ್ಸು, ತಾಲೂಕು ಮಾತ್ರ ಸಾಕು. ಊರಿನ ಹೆಸರನ್ನೂ ಬಿಟ್ಟುಬಿಡಿ, ನಾಲ್ಕೇ ಮನೆ ಇರುವ ಊರಿನಲ್ಲಿ ಎಂಬತ್ತು ದಾಟಿದ ಅಜ್ಜಿ ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅಲ್ವಾ.