ಅಜ್ಜನ ಫೋಟೊ ಕೆಳಗೆ ಅಜ್ಜನ ಹೆಸರೇ ಇರಬೇಕು ಅಂದ್ರೆ

ವಿರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಜಮ್ಮಾ ಜಾಗದ ಅರ್ಜಿ, ಮದುವೆ ಕಾಗದ, ಹೋಂಸ್ಟೇ ರೇಟ್ ಕಾರ್ಡ್, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ವರ್ಡ್‌ನಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ ಅಂತ ಸ್ವಲ್ಪ ಜಂಬವೂ ಇತ್ತು. ಅದು ಇಳಿದದ್ದು ಒಂದು ಆಗಸ್ಟ್ ತಿಂಗಳಲ್ಲಿ, ಒಂದು ಒಕ್ಕದ ವಂಶವೃಕ್ಷ ಮಾಡುವಾಗ.

ಕೊಡಗಿನ ಹೊರಗಿನವರಿಗೆ ಇಷ್ಟು ಹೇಳಿಬಿಡುತ್ತೇನೆ. ಒಕ್ಕ ಅಂದರೆ ಒಂದೇ ಮೂಲದ ಕೊಡವ ಮನೆಯವರೆಲ್ಲ ಸೇರಿದ ಕುಟುಂಬ. ಎಲ್ಲರಿಗೂ ಒಂದೇ ಮನೆಹೆಸರು, ಎಲ್ಲರಿಗೂ ಸೇರಿದ ಒಂದು ಐನ್‌ಮನೆ, ಹಿರಿಯರಾಗಿ ಒಬ್ಬ ಪಟ್ಟೆದಾರ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಈ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರುವವರಿದ್ದರು. ಅಷ್ಟರೊಳಗೆ ಆಗಬೇಕು ಅಂತ ಪಟ್ಟೆದಾರರು ಒಂದು ಬಿಸ್ಕೆಟ್ ಡಬ್ಬಿ ತುಂಬ ಹಳೇ ಫೋಟೊ ತಂದಿಟ್ಟರು. ಆರು ತಲೆಮಾರು, 43 ಫೋಟೊ. ಐನ್‌ಮನೆಯ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ತೂಗುಹಾಕಲು ಒಂದು ಎ3 ಹಾಳೆ, ಬಂದವರಿಗೆ ಹಂಚಲು ಒಂದು ಪುಟ್ಟ ಪುಸ್ತಕ.

ಹೆಸರುಗಳ ಪಟ್ಟಿ ನುಡಿಯ ಹಳೇ ಫಾಂಟ್‌ನಲ್ಲಿತ್ತು. ಮೊದಲು ಅದನ್ನು ಯುನಿಕೋಡ್‌ಗೆ ಬದಲಾಯಿಸಿಕೊಂಡೆ. ಆ ಒಂದು ಕೆಲಸ ಮಾತ್ರ ನಾನು ಸರಿಯಾದ ಹೊತ್ತಿಗೆ ಮಾಡಿದ್ದು. ಯಾಕೆಂದರೆ ಹೆಸರುಗಳು ಟೆಕ್ಸ್ಟ್ ಬಾಕ್ಸ್‌ಗಳ ಒಳಗೆ ಹೋದಮೇಲೆ ಕಂಟ್ರೋಲ್ ಎ ಒತ್ತಿ ಫಾಂಟ್ ಬದಲಾಯಿಸಿದರೆ ಹೊರಗಿನ ಅಕ್ಷರ ಬದಲಾಗುತ್ತದೆ, ಬಾಕ್ಸ್‌ನ ಒಳಗಿನದು ಹಾಗೇ ಕೂತಿರುತ್ತದೆ. 43 ಬಾಕ್ಸ್ ಒಂದೊಂದಾಗಿ ತೆರೆಯಬೇಕಾಗುತ್ತಿತ್ತು.

ಆಮೇಲೆ ಮಾಡಿದ್ದೆಲ್ಲ ತಪ್ಪು. ಫೋಟೊ ಹಾಕುವುದು, ವ್ರ್ಯಾಪ್ ಟೆಕ್ಸ್ಟ್‌ಗೆ ಹೋಗಿ ಇನ್ ಫ್ರಂಟ್ ಆಫ್ ಟೆಕ್ಸ್ಟ್ ಅಂತ ಕೊಡುವುದು, ಅದರ ಕೆಳಗೊಂದು ಟೆಕ್ಸ್ಟ್ ಬಾಕ್ಸ್ ಬರೆದು ಹೆಸರು ತುಂಬುವುದು, ಎರಡನ್ನೂ ಮೌಸ್‌ನಲ್ಲಿ ಎಳೆದು ಸರಿಯಾಗಿ ಕಂಡ ಕಡೆ ಬಿಡುವುದು. ಜಾಗ ಬೇಕಾದಾಗೆಲ್ಲ ಎಂಟರ್. ಖಾಲಿ ಸಾಲಿನ ಕೆಳಗೆ ಇನ್ನೊಂದು ಖಾಲಿ ಸಾಲು. ನಾಲ್ಕು ದಿನ ಕೂತೆ. ನೋಡಲು ಏನೋ ಚೆನ್ನಾಗೇ ಇತ್ತು.

ಐದನೇ ದಿನ ಪಟ್ಟೆದಾರರ ಫೋನ್ ಬಂತು. "ಮೇಲ್ಗಡೆ ಐನ್‌ಮನೆ ಫೋಟೊ ಒಂದು ಬರಲಿ, ಆಗ್ತದಾ?" ಅಂದರು. ಯಾಕೆ ಆಗಲ್ಲ, ಅಂದೆ. ಪುಟದ ತಲೆಗೆ ಹೋಗಿ ನಾಲ್ಕು ಸಲ ಎಂಟರ್ ಒತ್ತಿದೆ. ಅರ್ಧ ಜನ ಕೆಳಗೆ ಜಾರಿದರು. ಉಳಿದರ್ಧ ಇದ್ದಲ್ಲೇ ನಿಂತರು. ಕೆಲವರ ಫೋಟೊ ಜಾರಿತು, ಹೆಸರು ನಿಂತಿತು. ಇನ್ನು ಕೆಲವರದು ಉಲ್ಟಾ. ಗಾಬರಿಯಲ್ಲಿ ಒಂದು ಖಾಲಿ ಸಾಲು ಅಳಿಸಿದೆ, ಒಬ್ಬ ಅಜ್ಜನೇ ಮಾಯ. ಹೊರಗೆ ಮಳೆ, ಕರೆಂಟ್ ಹೋಗಿತ್ತು, ಯುಪಿಎಸ್ ಕೀಂ ಕೀಂ ಅಂತಿತ್ತು. ಇದ್ದಷ್ಟು ಬ್ಯಾಟರಿಯಲ್ಲಿ ಎಲ್ಲರನ್ನೂ ಕೈಯಲ್ಲೇ ಎಳೆದೆಳೆದು ವಾಪಸ್ ಕೂರಿಸಿದೆ. ಸೇವ್ ಮಾಡಿ ಮನೆಗೆ ಹೋದೆ.

ಎಡವಿದ್ದು ಅಲ್ಲೇ. ಹಳೇ ಕಪ್ಪುಬಿಳುಪು ಫೋಟೊಗಳು. ಎಲ್ಲರೂ ಕೊಡವರ ಉಡುಗೆ ಕುಪ್ಯ ಚೇಲೆ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ದಪ್ಪ ಮೀಸೆ ಬಿಟ್ಟು ಗಂಭೀರವಾಗಿದ್ದರು. ನನ್ನ ಕಣ್ಣಿಗೆ ಎಲ್ಲ ಅಜ್ಜಂದಿರೂ ಒಂದೇ ಥರ.

ಮಾರನೇ ದಿನ ಪ್ರೂಫ್ ನೋಡಲು ಪಟ್ಟೆದಾರರ ಜೊತೆ ಅವರ ಮನೆಯ ಹಿರಿಯಜ್ಜಿಯೂ ಬಂದಿದ್ದರು. ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತಾ ಬಂದವರು ಮೂರನೇ ಸಾಲಿನಲ್ಲಿ ನಿಂತರು.

"ಇವರು ನಮ್ಮ ಮಾವ ಅಲ್ಲ ಮಗಾ. ಇವರು ಮಾವನ ತಮ್ಮ."

"ಹೆಸರು ಇದೇ ಅಲ್ವಾ ಅಜ್ಜಿ ಕೊಟ್ಟಿದ್ದು?"

"ಹೆಸರು ಇದೇ. ಮನುಷ್ಯ ಬೇರೆ. ಮಾವನಿಗೆ ಬಲಗಿವಿ ಹರಿದಿತ್ತು. ಹುಲಿ ಪರಚಿದ್ದು ಅಂತ ಎಲ್ಲರ ಹತ್ರ ಹೇಳ್ತಿದ್ರು. ಸುಳ್ಳು, ಬೇಲಿ ತಂತಿ."

ಒಟ್ಟು ಮೂರು ಹೆಸರು ಅದಲುಬದಲಾಗಿತ್ತು. ಅಜ್ಜಿ ಬೈಯಲಿಲ್ಲ. ಆದರೆ ಹಿರಿಯರ ಹೆಸರಲ್ಲಿ ದೀಪ ಹಚ್ಚುವ ಮನೆಯಲ್ಲಿ ತೂಗುಹಾಕುವ ಹಾಳೆ ಅದು. ಅವರನ್ನು ಕಳಿಸಿಕೊಟ್ಟು ಫೈಲನ್ನು ಪಕ್ಕಕ್ಕಿಟ್ಟು ಹೊಸದು ತೆರೆದೆ.

ಈಗ ವಿಷಯಕ್ಕೆ ಬರುತ್ತೇನೆ. ಫೋಟೊ ಮತ್ತು ಹೆಸರಿನ ಬಾಕ್ಸ್ ಎರಡನ್ನೂ ಒಂದೇ ವಸ್ತುವಿನಂತೆ ಒಟ್ಟಿಗೆ ಕಟ್ಟುವುದಕ್ಕೆ ವರ್ಡ್‌ನಲ್ಲಿ ಗ್ರೂಪ್ ಅನ್ನುತ್ತಾರೆ. ವರ್ಡ್‌ಗೆ ಫೋಟೊ ಹಾಕಿದ ತಕ್ಷಣ ಅದು ಇನ್ ಲೈನ್ ವಿತ್ ಟೆಕ್ಸ್ಟ್ ಆಗಿ ಕೂರುತ್ತದೆ. ಅಂದರೆ ಸಾಲಿನ ಮಧ್ಯೆ ಒಂದು ದೊಡ್ಡ ಅಕ್ಷರ ಇದ್ದ ಹಾಗೆ. ಅಕ್ಷರವನ್ನು ಬಾಕ್ಸ್ ಜೊತೆ ಗ್ರೂಪ್ ಮಾಡಲು ಬರುವುದಿಲ್ಲ. ಗ್ರೂಪ್ ಬಟನ್ ಮಂಕಾಗಿ ಒತ್ತಲು ಬಾರದೆ ಇದ್ದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ: ಹಿಡಿದುಕೊಂಡವುಗಳಲ್ಲಿ ಯಾವುದೋ ಒಂದು ಫೋಟೊ ಇನ್ನೂ ಸಾಲಿನೊಳಗೇ ಇದೆ. ಫೋಟೊ ಮೇಲೆ ಕ್ಲಿಕ್ ಮಾಡಿದರೆ ಬಲಮೂಲೆಯಲ್ಲಿ ಲೇಔಟ್ ಆಪ್ಷನ್ಸ್ ಗುರುತು ಬರುತ್ತದೆ. ಅಲ್ಲಿ ಸ್ಕ್ವೇರ್ ಅಥವಾ ಇನ್ ಫ್ರಂಟ್ ಆಫ್ ಟೆಕ್ಸ್ಟ್ ಕೊಟ್ಟರೆ ಫೋಟೊ ಸಾಲಿನಿಂದ ಹೊರಗೆ ಬಂದು ತೇಲುತ್ತದೆ.

ತೇಲಿದರೂ ಅದು ಪೂರ್ತಿ ಬಿಡುಗಡೆ ಆಗಿರುವುದಿಲ್ಲ. ಯಾವುದಾದರೂ ಒಂದು ಪ್ಯಾರಾಕ್ಕೆ ಆಂಕರ್ ಹಾಕಿಕೊಂಡಿರುತ್ತದೆ. ಹೋಮ್‌ನಲ್ಲಿ ಪ್ಯಾರಾ ಗುರುತಿನ ಬಟನ್ ಒತ್ತಿ ಫೋಟೊ ಹಿಡಿದರೆ ಪಕ್ಕದಲ್ಲಿ ಪುಟ್ಟ ಲಂಗರು ಕಾಣುತ್ತದೆ. ನನ್ನ ಹಳೇ ಫೈಲಿನಲ್ಲಿ ಅದನ್ನು ಒತ್ತಿ ನೋಡಿದಾಗ ಎಲ್ಲ ಅರ್ಥವಾಯಿತು. ಅಜ್ಜನ ಫೋಟೊ ಏಳನೇ ಖಾಲಿ ಸಾಲಿಗೆ, ಅಜ್ಜನ ಹೆಸರು ಒಂಬತ್ತನೇ ಖಾಲಿ ಸಾಲಿಗೆ ಕಟ್ಟಿಕೊಂಡಿತ್ತು. ಸಾಲು ಅಳಿಸಿದರೆ ಅದಕ್ಕೆ ಕಟ್ಟಿದ ಫೋಟೊನೂ ಹೋಗುತ್ತದೆ. ಆ ರಾತ್ರಿ ಮಾಯವಾದ ಅಜ್ಜ ಹೋದದ್ದು ಹಾಗೆ. ಲಾಕ್ ಆಂಕರ್ ಅಂತ ಒಂದು ಆಯ್ಕೆ ಇದೆ. ಅದು ಫೋಟೊ ಅಲುಗದಂತೆ ಹಿಡಿಯುತ್ತದೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಆಂಕರ್ ಬೇರೆ ಪ್ಯಾರಾಕ್ಕೆ ಹಾರದಂತೆ ತಡೆಯುತ್ತದೆ ಅಷ್ಟೇ. ಪ್ಯಾರಾ ಜಾರಿದರೆ ಫೋಟೊನೂ ಜಾರುತ್ತದೆ.

ಗ್ರೂಪ್ ಮಾಡಿದರೆ ಆಗುವ ಲಾಭ ಇಲ್ಲಿ. ಫೋಟೊಗೊಂದು, ಹೆಸರಿಗೊಂದು ಲಂಗರು ಇದ್ದದ್ದು ಹೋಗಿ ಜೋಡಿಗೆ ಒಂದೇ ಲಂಗರು. ಜಾರಿದರೂ ಇಬ್ಬರೂ ಒಟ್ಟಿಗೇ ಜಾರುತ್ತಾರೆ.

ಹೊಸ ಫೈಲಿನಲ್ಲಿ ಹೀಗೆ ಮಾಡಿದೆ. ಎಲ್ಲ ಫೋಟೊಗಳನ್ನೂ ಮೊದಲೇ ಒಂದೇ ಅಳತೆಗೆ ಕ್ರಾಪ್ ಮಾಡಿಕೊಂಡೆ. ಟೆಕ್ಸ್ಟ್ ಬಾಕ್ಸ್‌ಗೆ ತಾನಾಗಿ ಬರುವ ಕಪ್ಪು ಗೆರೆ, ಬಿಳಿ ಬಣ್ಣ ಎರಡನ್ನೂ ತೆಗೆದೆ. ಒಂದು ಫೋಟೊ, ಅದರ ಹೆಸರು. ಫೋಟೊ ಕ್ಲಿಕ್ ಮಾಡಿ, ಕಂಟ್ರೋಲ್ ಒತ್ತಿ ಹಿಡಿದು ಬಾಕ್ಸಿನ ಅಂಚಿನ ಮೇಲೆ ಕ್ಲಿಕ್. ಅಂಚೇ ಆಗಬೇಕು. ಒಳಗೆ ಒತ್ತಿದರೆ ಟೈಪ್ ಮಾಡುವ ಕರ್ಸರ್ ಬಂದುಬಿಡುತ್ತದೆ. ಆಮೇಲೆ ಅಲೈನ್‌ನಲ್ಲಿ ಸೆಂಟರ್, ಕೊನೆಗೆ ರೈಟ್ ಕ್ಲಿಕ್ ಮಾಡಿ ಗ್ರೂಪ್. ಒಂದು ಜೋಡಿ ಕಟ್ಟಿ ಮುಗಿಸದೆ ಇನ್ನೊಂದು ಫೋಟೊ ಮುಟ್ಟಬಾರದು ಅಂತ ನನಗೆ ನಾನೇ ಕಟ್ಟಪ್ಪಣೆ ಹಾಕಿಕೊಂಡೆ. ಪವರ್‌ಪಾಯಿಂಟ್ ಅಭ್ಯಾಸ ಇರುವವರು ಕಂಟ್ರೋಲ್ ಜಿ ಒತ್ತಿಬಿಡುತ್ತಾರೆ. ವರ್ಡ್‌ನಲ್ಲಿ ಅದು ಗೋ ಟು ಕಿಟಕಿ ತೆರೆಯುತ್ತದೆ, ಗ್ರೂಪ್ ಆಗುವುದಿಲ್ಲ.

ಹತ್ತು ಜೋಡಿ ಆಗುವಷ್ಟರಲ್ಲಿ ಯಾವುದನ್ನು ಹಿಡಿದೆ ಅನ್ನುವುದೇ ಗೊಂದಲ. ಆಲ್ಟ್ ಎಫ್10 ಒತ್ತಿ ಸೆಲೆಕ್ಷನ್ ಪೇನ್ ತೆರೆದೆ. ಪುಟದಲ್ಲಿರುವುದೆಲ್ಲ ಪಕ್ಕದಲ್ಲಿ ಪಟ್ಟಿಯಾಗಿ ಬರುತ್ತದೆ. ಅಲ್ಲಿ ಗ್ರೂಪ್ 12, ಗ್ರೂಪ್ 15 ಅಂತ ಇದ್ದದ್ದನ್ನು ಡಬಲ್ ಕ್ಲಿಕ್ ಮಾಡಿ ಆಯಾ ಹಿರಿಯರ ಹೆಸರನ್ನೇ ಕೊಟ್ಟೆ. ಇದೊಂದನ್ನು ಮೊದಲ ಸಲವೇ ಮಾಡಿದ್ದರೆ ಅಜ್ಜಿ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಹೆಸರಲ್ಲಿ ಅಕ್ಷರ ತಪ್ಪಿದ್ದರೆ ಗ್ರೂಪ್ ಬಿಚ್ಚುವುದು ಬೇಡ. ಒಂದು ಸಲ ಒತ್ತಿದರೆ ಜೋಡಿ ಸಿಗುತ್ತದೆ, ಮತ್ತೊಂದು ಸಲ ಬಾಕ್ಸಿನ ಒಳಗೆ ಒತ್ತಿದರೆ ತಿದ್ದಬಹುದು. ಆದರೆ ಗ್ರೂಪ್ ಮಾಡಿದ ಮೇಲೆ ಮೂಲೆ ಹಿಡಿದು ಚಿಕ್ಕದು ಮಾಡಲು ಹೋಗಬೇಡಿ. ಫೋಟೊ ಕುಗ್ಗುತ್ತದೆ, ಬಾಕ್ಸೂ ಕುಗ್ಗುತ್ತದೆ, ಅಕ್ಷರ ಮಾತ್ರ ಅದೇ ಗಾತ್ರದಲ್ಲಿ ಇರುತ್ತದೆ. ಹೆಸರಿನ ಕೆಳಗಿನ ಒತ್ತಕ್ಷರಗಳು ಕತ್ತರಿಸಿ ಹೋಗುತ್ತವೆ. ಇಂಗ್ಲಿಷ್‌ಗಿಂತ ಕನ್ನಡಕ್ಕೆ ಈ ಕಾಟ ಜಾಸ್ತಿ, ನಮ್ಮ ಅಕ್ಷರಗಳು ಕೆಳಗೂ ಬೆಳೆಯುತ್ತವಲ್ಲ. ಅಳತೆ ಮೊದಲೇ ನಿಶ್ಚಯ ಮಾಡಿಕೊಳ್ಳಿ ಅಂದದ್ದು ಇದಕ್ಕೇ.

ಗೆರೆಗಳ ಕೆಲಸ ಕೊನೆಗೆ. ಒಂದು ತಲೆಮಾರಿನ ಜೋಡಿಗಳನ್ನು ಸಾಲಾಗಿ ಇಟ್ಟು, ಗೆರೆ ಎಳೆದು, ಎಲ್ಲವನ್ನೂ ಸೇರಿಸಿ ಇನ್ನೊಂದು ದೊಡ್ಡ ಗ್ರೂಪ್ ಮಾಡಿದೆ. ಗ್ರೂಪಿನೊಳಗೆ ಗ್ರೂಪ್ ಇರಬಹುದು, ತೊಂದರೆ ಇಲ್ಲ. ಶೇಪ್ಸ್ ಪಟ್ಟಿಯ ಕಟ್ಟಕಡೆಗೆ ನ್ಯೂ ಡ್ರಾಯಿಂಗ್ ಕ್ಯಾನ್ವಾಸ್ ಅಂತ ಇರುತ್ತದೆ. ಅದರ ಒಳಗೆ ಎಳೆದ ಕನೆಕ್ಟರ್ ಗೆರೆಗಳು ಬಾಕ್ಸಿಗೆ ಅಂಟಿಕೊಳ್ಳುತ್ತವೆ, ಬಾಕ್ಸ್ ಎಳೆದರೆ ಗೆರೆಯೂ ಹಿಂದೆ ಬರುತ್ತದೆ. ಕ್ಯಾನ್ವಾಸ್ ಹೊರಗೆ ಅಂಟುವುದಿಲ್ಲ. ಇದು ನನಗೆ ಆ ಕೆಲಸ ಮುಗಿದಮೇಲೆ ಗೊತ್ತಾಯಿತು. ವರ್ಡ್‌ನಲ್ಲೇ ಸಿದ್ಧವಾಗಿ ಸಿಗುವ ಚಾರ್ಟ್, ಸ್ಮಾರ್ಟ್‌ಆರ್ಟ್, ಬಳಸಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಏಳೆಂಟು ಜನ ಇರುವ ಸಂಘದ ಪದಾಧಿಕಾರಿಗಳ ಪಟ್ಟಿಗೆ ಸರಿ. 43 ಜನರನ್ನು ತುಂಬಿದರೆ ಅಕ್ಷರ ಇರುವೆ ಸಾಲು.

ಪುಸ್ತಕಕ್ಕೆ ಮಾತ್ರ ಗ್ರೂಪ್ ಬಳಸಲೇ ಇಲ್ಲ. ಅಲ್ಲಿ ಒಬ್ಬೊಬ್ಬರ ಫೋಟೊ, ಕೆಳಗೆ ಹೆಸರು, ಪಕ್ಕದಲ್ಲಿ ನಾಲ್ಕು ಸಾಲು. ಅದಕ್ಕೆ ಟೇಬಲ್ ಸಾಕು. ಫೋಟೊವನ್ನು ಸಾಲಿನೊಳಗಿನ ಅಕ್ಷರದಂತೆಯೇ ಟೇಬಲ್‌ನ ಒಂದು ಮನೆಯಲ್ಲಿ (ಸೆಲ್) ಇಡುವುದು, ಹೆಸರನ್ನು ಅದರ ಕೆಳಗೆ ಬರೆಯುವುದು, ಟೇಬಲ್ ಗೆರೆ ಅಳಿಸುವುದು. ಟೇಬಲ್ ಪ್ರಾಪರ್ಟೀಸ್ ಆಪ್ಷನ್ಸ್‌ನಲ್ಲಿ ಒಳಗಿನದಕ್ಕೆ ತಕ್ಕಂತೆ ಅಗಲ ಹಿಗ್ಗುವ ಟಿಕ್ ತೆಗೆದುಬಿಡಬೇಕು, ಇಲ್ಲದಿದ್ದರೆ ದೊಡ್ಡ ಫೋಟೊ ಬಂದಾಗ ಪಕ್ಕದ ಮನೆ ಕುಗ್ಗುತ್ತದೆ. ಬರೀ ಫೋಟೊ ಮತ್ತು ಹೆಸರು ಇದ್ದರೆ ನನ್ನ ಓಟು ಟೇಬಲ್‌ಗೇ. ಫೋಟೊ ಮೇಲೆಯೇ ಬಾಣ, ಗುರುತು, ಗೆರೆ ಬರಬೇಕಾದಲ್ಲಿ ಗ್ರೂಪ್ ಇಲ್ಲದೆ ಆಗುವುದಿಲ್ಲ.

ಅಂಗಡಿಯ ಇನ್ನೊಂದು ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ವರ್ಡ್‌ನಂಥ ರೈಟರ್‌ನಲ್ಲಿ ಇದೇ ಕೆಲಸ ಮಾಡಲು ಹೋಗಿ ಒಂದು ಮಧ್ಯಾಹ್ನ ಕಳೆದೆ. ಫೋಟೊ ಹಿಡಿದು, ಶಿಫ್ಟ್ ಒತ್ತಿ ಟೆಕ್ಸ್ಟ್ ಬಾಕ್ಸ್ ಮುಟ್ಟಿದರೆ ಎರಡೂ ಒಟ್ಟಿಗೆ ಸಿಗುವುದೇ ಇಲ್ಲ. ತಪ್ಪು ನಮ್ಮ ಕೈಯದ್ದಲ್ಲ. ಅಲ್ಲಿ ಇನ್ಸರ್ಟ್ ಮಾಡಿದ ಫೋಟೊ ಒಂದು ಜಾತಿ, ಟೆಕ್ಸ್ಟ್ ಬಾಕ್ಸ್ ಇನ್ನೊಂದು ಜಾತಿ. ದಾರಿ ಎರಡಿವೆ. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ಸರ್ಟ್ ಕ್ಯಾಪ್ಷನ್ ಕೊಟ್ಟರೆ ಫೋಟೊ ಮತ್ತು ಹೆಸರು ಎರಡನ್ನೂ ಅದೇ ಒಂದು ಫ್ರೇಮ್ ಒಳಗೆ ಹಾಕಿಕೊಡುತ್ತದೆ. ಆಮೇಲೆ ಫ್ರೇಮ್ ಹಿಡಿದು ಎಳೆದರಾಯಿತು. ಗೆರೆ, ಬಾಣ ಎಲ್ಲ ಬೇಕಿದ್ದರೆ ಅದೇ ಲಿಬ್ರೆಆಫೀಸ್‌ನ ಚಿತ್ರ ಬಿಡಿಸುವ ಭಾಗವಾದ ಡ್ರಾದಲ್ಲಿ ಜೋಡಿಸಿ, ಕಂಟ್ರೋಲ್ ಶಿಫ್ಟ್ ಜಿ ಒತ್ತಿ ಗ್ರೂಪ್ ಮಾಡಿ, ಕಾಪಿ ಮಾಡಿ ರೈಟರ್‌ಗೆ ಪೇಸ್ಟ್ ಮಾಡಬೇಕು.

ಎರಡನೇ ಪ್ರೂಫ್ ಎರಡು ದಿನದಲ್ಲಿ ಆಯಿತು. ಈ ಸಲ ಪುಟದ ತಲೆಯಲ್ಲಿ ಬೇಕಂತಲೇ ಹತ್ತು ಸಲ ಎಂಟರ್ ಒತ್ತಿ ನೋಡಿದೆ. ಎಲ್ಲರೂ ಅವರವರ ಹೆಸರಿನ ಜೊತೆಗೇ ಕೆಳಗೆ ಹೋದರು. ಅನ್‌ಡೂ ಮಾಡಿ, ಪಿಡಿಎಫ್ ತೆಗೆದು, ಪ್ರಿಂಟ್ ಹಾಕಿದೆ.

ಅಜ್ಜಿ ಮತ್ತೆ ಬಂದರು. 43 ಜನರ ಮೇಲೂ ಬೆರಳಿಟ್ಟು ಹೆಸರು ಓದಿದರು. ಎಲ್ಲ ಸರಿ ಇತ್ತು. ಕೊನೆಗೆ ಮಾವನ ಹತ್ತಿರ ವಾಪಸ್ ಬಂದು ಬಗ್ಗಿ ನೋಡಿದರು.

"ಮಗಾ, ಕಿವಿ."

ನೋಡಿದೆ. ಹರಿದಿದ್ದು ಎಡಗಿವಿ. ಪುಟದ ಅಂಚಿನಲ್ಲಿರುವವರ ಮುಖ ಒಳಗಡೆ ತಿರುಗಿರಲಿ ಅಂತ ಮಾವನ ಫೋಟೊವನ್ನು ನಾನೇ ಫ್ಲಿಪ್ ಮಾಡಿದ್ದೆ. ಚೆಂದ ಕಾಣಲಿ ಅಂತ ಮಾಡುವ ಹಳೇ ಡಿಟಿಪಿ ಚಾಳಿ. ಅಜ್ಜಿಗೆ ಬೆಂಚ್ ತೋರಿಸಿ, ಗ್ರೂಪ್ ಬಿಚ್ಚಿ, ಫೋಟೊ ಮಾತ್ರ ವಾಪಸ್ ತಿರುಗಿಸಿ, ಹೆಸರಿನ ಜೊತೆ ಮತ್ತೆ ಕಟ್ಟಿದೆ. ಮಾವ ಈಗ ಪುಟದಿಂದ ಹೊರಗೆ, ಪ್ರಿಂಟರ್ ಇರುವ ಕಡೆ ನೋಡುತ್ತಿದ್ದರು. ಅಜ್ಜಿ "ಹ್ಞಾಂ" ಅಂದರು.