14 ಇಂಚಿನ ತೋಳು

ಪದವಿಯ ಮೊದಲ ವರ್ಷ ಜಿಮ್ ಸೇರಿದಾಗ ನನ್ನ ತೋಳಿನ ಸುತ್ತಳತೆ 11 ಇಂಚು. ಕೊನೆಯ ವರ್ಷಕ್ಕೆ 14 ದಾಟಿತ್ತು. ತಮಾಷೆಯೆಂದರೆ, 11 ಇದ್ದಾಗ ಅರ್ಧ ತೋಳಿನ ಅಂಗಿ ಹಾಕಿ ಆರಾಮಾಗಿ ಓಡಾಡುತ್ತಿದ್ದೆ, 14 ಆದಮೇಲೆ ಸದಾ ತುಂಬುತೋಳು. 'ಇಷ್ಟು ದಿನ ಜಿಮ್‌ಗೆ ಹೋಗಿ ಇಷ್ಟೇನಾ?' ಅಂತ ಯಾರಾದರೂ ಅಂದುಬಿಟ್ಟರೆ ಎಂಬ ಅಳುಕು. ಯಾರೂ ಅನ್ನಲಿಲ್ಲ, ಅದು ಬೇರೆ ಮಾತು.

ಬ್ಯಾಗಿನಲ್ಲಿ ಯಾವಾಗಲೂ ಟೇಪು. ಬೆಳಿಗ್ಗೆ ಒಮ್ಮೆ, ವ್ಯಾಯಾಮ ಮುಗಿದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಭಾರ ಎತ್ತಿದಾಗ ರಕ್ತ ನುಗ್ಗಿ ಸ್ನಾಯು ಉಬ್ಬುತ್ತದೆ, ಜಿಮ್ಮಿನ ಭಾಷೆಯಲ್ಲಿ 'ಪಂಪ್'. ಸ್ವಲ್ಪ ಹೊತ್ತಿಗೇ ಇಳಿದುಹೋಗುತ್ತದೆ. ಇದು ಗೊತ್ತಿದ್ದರೂ ರಾತ್ರಿ ಟೇಪು ಅರ್ಧ ಇಂಚು ಕಡಿಮೆ ತೋರಿಸಿದರೆ ಎದ್ದು ದಂಡ ಹೊಡೆಯುತ್ತಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿಯೂ!

ಕಾಲೇಜಿನ ಆಪ್ತಸಮಾಲೋಚಕರ ಹತ್ತಿರ ಹೋದದ್ದು ನಿದ್ದೆ ಬರುವುದಿಲ್ಲ ಎಂದು. ಮಾತು ಟೇಪಿಗೆ ಬಂತು. ಮೈ ಗಟ್ಟಿಯಾಗಿದ್ದರೂ ತಾನು ಸಣಕಲ ಎಂದೇ ಕಾಣುವ ಈ ಗೀಳಿಗೆ 'ಮಸಲ್ ಡಿಸ್ಮಾರ್ಫಿಯಾ' ಎಂಬ ಹೆಸರಿದೆ, 2013ರ ಡಿಎಸ್‌ಎಂ-5 ಎಂಬ ಮನೋರೋಗಗಳ ಕೈಪಿಡಿಯಲ್ಲೂ ಸೇರಿದೆ ಎಂದರು. ನನಗೆ ಅದೇ ಇದೆ ಅನ್ನಲಿಲ್ಲ. ಆ ಕಡೆಗೇ ಹೊರಟಿದ್ದೀಯ ಅಂದರು.

ಟೇಪನ್ನು ಗೆಳೆಯನ ಕೈಗೆ ಕೊಟ್ಟೆ, ತಿಂಗಳಿಗೊಮ್ಮೆ ಅವನೇ ಅಳೆಯಬೇಕು. ಸ್ಕ್ವಾಟ್ ಮಾಡುವಾಗ ಕನ್ನಡಿಗೆ ಬೆನ್ನು ಹಾಕಿ ನಿಂತೆ. ನೋಟ್‌ಬುಕ್ಕಿನಲ್ಲಿ ಇಂಚು ಬರೆಯುವುದು ಬಿಟ್ಟು ಎತ್ತಿದ ಕಿಲೋ ಬರೆದೆ. ಇವೆಲ್ಲ ಸುಲಭವೇ. ಬಿಡಲಾಗದೆ ಒದ್ದಾಡಿದ್ದು ಫೋನಿನಲ್ಲಿ ಕೂಡಿಟ್ಟಿದ್ದ ದೇಹದಾರ್ಢ್ಯ ಚಾಂಪಿಯನ್‌ಗಳ ಫೋಟೊ.

ಅದನ್ನು ಬಿಡಿಸಿದವನು ಸ್ಪರ್ಧೆಗಳಿಗೆ ಹೋಗುತ್ತಿದ್ದ ಒಬ್ಬ ಸೀನಿಯರ್. ವೇದಿಕೆಯ ತನ್ನದೇ ಫೋಟೊ ತೋರಿಸಿ, "ಇದು ಒಂದು ದಿನದ ಮೈ ಕಣೋ" ಅಂದ. ತಿಂಗಳುಗಟ್ಟಲೆ ಊಟ ಕತ್ತರಿಸಿ ಕೊಬ್ಬು ಇಳಿಸಿದ್ದು, ಕೊನೆಗೆ ನೀರನ್ನೂ ಕಡಿಮೆ ಮಾಡಿದ್ದು, ಚರ್ಮಕ್ಕೆ ಕಂದು ಬಣ್ಣ ಬಳಿದದ್ದು, ತೆರೆಯ ಹಿಂದೆ ಪಂಪ್ ಮಾಡಿ ಓಡಿಬಂದು ದೀಪದ ಕೆಳಗೆ ನಿಂತದ್ದು, ಎಲ್ಲ ಹೇಳಿದ. ನೀರು ಬಿಡುವುದು ಅಪಾಯ, ಅದನ್ನಂತೂ ಕಲಿಯಬೇಡ ಎಂದೂ ಸೇರಿಸಿದ. ಅವತ್ತು ಮೆಟ್ಟಿಲು ಹತ್ತಲೂ ತ್ರಾಣವಿರಲಿಲ್ಲವಂತೆ. ಮರುವಾರ ಆ ಹೊಟ್ಟೆಯ ಗೆರೆಗಳು ಮಾಯ. ಆಮೇಲೆ ಅವನೂ ದೊಗಲೆ ಅಂಗಿಯಲ್ಲೇ ತಿರುಗುತ್ತಿದ್ದನಂತೆ.

ಆ ರಾತ್ರಿ ಫೋಟೊಗಳನ್ನು ಅಳಿಸಿದೆ. ಮೂರನೇ ತಿಂಗಳು ಅಳೆಯುವುದನ್ನು ಗೆಳೆಯ ಮರೆತ. ನನಗೂ ನೆನಪಾದದ್ದು ನಾಲ್ಕು ದಿನದ ಮೇಲೆ. ಅರ್ಧ ತೋಳಿನ ಅಂಗಿ ಈಗ ಹಾಕುತ್ತೇನೆ. ಈಜುಕೊಳಕ್ಕೆ ಮಾತ್ರ ಇನ್ನೂ ಇಳಿದಿಲ್ಲ.