ಸ್ಯಾಂಕ್ಷನ್ ತಂದ ಫಜೀತಿ

ಬ್ಯಾಂಕಿನಿಂದ ಸಾಲ ಮಂಜೂರಾದ ಖುಷಿಯಲ್ಲಿ ಲಂಡನ್ನಿನ ಗ್ರಾಹಕರಿಗೆ ಇಮೇಲ್ ಬರೆದೆ: ‘ದ ಬ್ಯಾಂಕ್ ಹ್ಯಾಸ್ ಸ್ಯಾಂಕ್ಷನ್ಡ್ ಅವರ್ ಕಂಪನಿ.’ ಅರ್ಧ ಗಂಟೆಯಲ್ಲೇ ಗಾಬರಿಯ ಫೋನ್ ಬಂತು: ನಿಮ್ಮ ಮೇಲೆ ಏನು ಕ್ರಮ ಕೈಗೊಂಡಿದ್ದಾರೆ?

ನಿಘಂಟು ತೆರೆದೆ. ಸ್ಯಾಂಕ್ಷನ್ ಎಂದರೆ ಒಪ್ಪಿಗೆಯೂ ಹೌದು, ದಂಡನೆಯೂ ಹೌದು. ಒಂದೇ ಪದ ಹರಸುತ್ತದೆ, ಶಪಿಸುತ್ತದೆ! 1990ರಲ್ಲಿ ಕುವೈತ್ ಮೇಲೆ ದಾಳಿ ಮಾಡಿದ ಇರಾಕಿನ ಮೇಲೆ ವಿಶ್ವಸಂಸ್ಥೆ ಹೇರಿದ್ದು ಎರಡನೆಯ ಬಗೆಯದು.

ದಾರಿ ತೋರಿದ್ದು ಕನ್ನಡವೇ. ಈಗ ಕ್ರಿಯಾಪದದ ಜಾಗದಲ್ಲಿ ‘ಮಂಜೂರು’ ಇಟ್ಟು ನೋಡುತ್ತೇನೆ. ಸಾಲ, ರಜೆ, ಹುದ್ದೆ ಮಂಜೂರಾಗುತ್ತವೆ. ಕಂಪನಿಯಾಗಲಿ ಮನುಷ್ಯನಾಗಲಿ ಮಂಜೂರಾಗುವುದಿಲ್ಲ. ಕರ್ಮಪದವಾಗಿ ದೇಶ, ಸಂಸ್ಥೆ, ವ್ಯಕ್ತಿ ಬಂದರೆ ಅದು ನಿರ್ಬಂಧ. ‘ಸ್ಯಾಂಕ್ಷನ್ಸ್’ ಎಂಬ ಬಹುವಚನದ ಮುಂದೆ ‘ಆನ್’ ಅಥವಾ ‘ಅಗೇನ್ಸ್ಟ್’ ಇದ್ದರೂ ಹಾಗೆಯೇ.

ಹಾಗಾಗಿ ‘ಅವರ್ ಕಂಪನಿ’ ಹೋಗಿ ‘ಅವರ್ ಲೋನ್’ ಬಂತು, ವಾಕ್ಯ ಸರಿಹೋಯಿತು. ಆದರೂ ಹೊರದೇಶದವರಿಗೆ ‘ಅಪ್ರೂವ್ಡ್’ ಎಂದೇ ಬರೆಯುತ್ತೇನೆ. ಮತ್ತೊಂದು ಗಾಬರಿಯ ಫೋನ್ ಎತ್ತುವ ಧೈರ್ಯ ನನಗಿಲ್ಲ. ಬ್ಯಾಂಕಿನವರು ಮಾತ್ರ ಕೈಗಿತ್ತದ್ದು ‘ಸ್ಯಾಂಕ್ಷನ್ ಲೆಟರ್’!